ಅನುಭವದಿಂದ ಅರಿವಿಗೆ: ವಯಸ್ಕರ ಕಲಿಕೆಯ ಒಂದು ವಿವೇಚನೆ

ಮಗು ಶಾಲೆಗೆ ಬರುವಾಗ ಅದರ ಬದುಕು ಇನ್ನೂ ಮುಂದಿರುತ್ತದೆ. ವಯಸ್ಕನಾದರೋ ದುಡಿಮೆ, ವಲಸೆ, ಸಂಸಾರ, ಸಾವು-ನೋವುಗಳನ್ನೆಲ್ಲ ಕಂಡುಂಡ ಮೇಲೆ ಕಲಿಯಲು ಕುಳಿತುಕೊಳ್ಳುತ್ತಾನೆ. ಕಲಿಯುವವನ ಈ ಬದುಕೇ ವಯಸ್ಕರ ಶಿಕ್ಷಣದ ಮುಖ್ಯ ಸಂಪತ್ತು ಎಂಬ ನಿಲುವನ್ನು ಅಮೆರಿಕದ ಎಡ್ವರ್ಡ್ ಲಿಂಡಮನ್ 1926ರಲ್ಲಿಯೇ ಮಂಡಿಸಿದರು.

ಆದರೆ ಅನುಭವವೆಲ್ಲವೂ ತಾನಾಗಿ ಅರಿವಾಗುವುದಿಲ್ಲ. ಕೆಲವು ಅನುಭವಗಳು ಮುಂದಿನ ಬೆಳವಣಿಗೆಯನ್ನೇ ತಡೆಯಬಲ್ಲವು ಎಂದು ಜಾನ್ ಡ್ಯೂಯಿ 1938ರಲ್ಲಿ ಎಚ್ಚರಿಸಿದ್ದರು. ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ನಾಲ್ಕು ಘಟ್ಟಗಳಿವೆ: ಅನುಭವ, ಅದರ ಅವಲೋಕನ, ಅದರಿಂದ ಮೂಡುವ ಪರಿಕಲ್ಪನೆ, ಆ ಪರಿಕಲ್ಪನೆಯ ಪ್ರಯೋಗ. ಅವಲೋಕನವಿಲ್ಲದಿದ್ದರೆ ಇಪ್ಪತ್ತು ವರ್ಷಗಳ ಅನುಭವವೂ ಒಂದೇ ವರ್ಷದ ಪುನರಾವೃತ್ತಿಯಾಗಿ ಉಳಿದೀತು.

ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಒಯ್ದವರು ಕೊಲಂಬಿಯಾ ವಿಶ್ವವಿದ್ಯಾಲಯದ ಜಾಕ್ ಮೆಜಿರೋ (1923-2014). ಬಹುಕಾಲದ ಬಳಿಕ ಕಾಲೇಜಿಗೆ ಮರಳಿದ ಮಹಿಳೆಯರನ್ನು ಅವರು 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಆ ಮಹಿಳೆಯರು ಹೊಸ ವಿಷಯಗಳನ್ನು ಕಲಿತದ್ದಷ್ಟೇ ಅಲ್ಲದೆ, ತಮ್ಮನ್ನು ತಾವು ನೋಡಿಕೊಳ್ಳುತ್ತಿದ್ದ ದೃಷ್ಟಿಯನ್ನೇ ಬದಲಿಸಿಕೊಂಡಿದ್ದರು. ಹಳೆಯ ನಂಬಿಕೆಗಳಿಗೆ ಹೊಂದದ ಸಂದರ್ಭವೊಂದು ಎದುರಾದಾಗ ಮನಸ್ಸು ಕದಡುತ್ತದೆ. ಆ ನಂಬಿಕೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಏಳುತ್ತದೆ. ಇತರರೊಡನೆ ನಡೆಸುವ ಸಂವಾದದಲ್ಲಿ ಉತ್ತರ ರೂಪುಗೊಳ್ಳುತ್ತದೆ. ಇದು ಮೆಜಿರೋ ಗುರುತಿಸಿದ ಪರಿವರ್ತನೆಯ ದಾರಿ.

ಮುಂಬಯಿಯ ಕನ್ನಡಿಗರಿಗೆ ಈ ಮಾತು ಅಪರಿಚಿತವಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದವರ ಪರಂಪರೆಯೇ ಇಲ್ಲಿದೆ. ಅಂಥ ಒಬ್ಬ ಕಲಿಯುವವನನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಆತನ ಮನೆಮಾತು ತುಳು. ಊರಿನ ಶಾಲೆಯಲ್ಲಿ ಅರ್ಧಕ್ಕೆ ಬಿಟ್ಟದ್ದು ಕನ್ನಡ. ಗಿರಾಕಿಗಳೊಡನೆ ಆಡುವುದು ಮರಾಠಿ, ಹಿಂದಿ. ಹತ್ತು ಮೇಜುಗಳ ಲೆಕ್ಕ ಬಾಯಲ್ಲೇ ಇದೆ. ಆದರೂ ತಾನು ದಡ್ಡನೆಂದೇ ಆತನ ಭಾವನೆ. 'ಮರಾಠಿಯನ್ನು ನೀವು ಕಲಿತದ್ದು ಹೇಗೆ?' ಎಂದು ಅಧ್ಯಾಪಕರು ಕೇಳಿದರೆ, ಕೇಳಿದ್ದು, ತಪ್ಪಿದ್ದು, ನಗೆಗೀಡಾದದ್ದು, ತಿದ್ದಿಕೊಂಡದ್ದು ಒಂದೊಂದಾಗಿ ನೆನಪಿಗೆ ಬರುತ್ತವೆ. ತನಗೆ ಇಲ್ಲವಾದದ್ದು ಬುದ್ಧಿಯಲ್ಲ, ಅವಕಾಶ ಎಂಬುದು ಆಗ ಹೊಳೆಯುತ್ತದೆ. ವ್ಯಾಕರಣದ ಪಾಠ ಅಲ್ಲಿಂದ ಆರಂಭವಾದರೆ ಅದು ಅವಮಾನವಾಗಿ ಕಾಡುವುದಿಲ್ಲ.

ಈ ಕ್ರಮಕ್ಕೆ ಮಿತಿಗಳೂ ಉಂಟು. ಮೆಜಿರೋ ಸಿದ್ಧಾಂತವು ತರ್ಕಕ್ಕೆ ಹೆಚ್ಚು ಒತ್ತು ಕೊಟ್ಟು ಭಾವವನ್ನೂ ಸಾಮಾಜಿಕ ಅಧಿಕಾರವನ್ನೂ ಕಡೆಗಣಿಸಿತೆಂಬ ಟೀಕೆಯಿದೆ. ಎಲ್ಲ ನೋವುಗಳನ್ನೂ ತರಗತಿಯಲ್ಲಿ ಬಿಚ್ಚಿಡಬೇಕೆಂದು ಒತ್ತಾಯಿಸುವುದು ತರವಲ್ಲ. ಹೇಳದಿರುವ ಹಕ್ಕೂ ಕಲಿಯುವವನಿಗಿದೆ.

ಕನ್ನಡವು 'ಅನುಭವ'ವನ್ನೂ 'ಅನುಭಾವ'ವನ್ನೂ ಬೇರೆಯಾಗಿ ಗುರುತಿಸಿದೆ. ವಚನಕಾರರ ಅನುಭಾವವು ಆಧ್ಯಾತ್ಮಿಕ ನೆಲೆಯದಾದ್ದರಿಂದ ಅದನ್ನು ಆಧುನಿಕ ಶಿಕ್ಷಣತತ್ತ್ವದೊಡನೆ ಸಮೀಕರಿಸಲಾಗದು. ಆದರೂ ಉಂಡದ್ದೆಲ್ಲ ಮೈಗೂಡದು ಎಂಬ ವಿವೇಕ ಎರಡರಲ್ಲೂ ಇದೆ. ಬದುಕಿದ್ದನ್ನು ಹಿಂದಿರುಗಿ ನೋಡುವ ಬಿಡುವನ್ನೂ ಗೌರವವನ್ನೂ ಒದಗಿಸುವುದು ವಯಸ್ಕರ ಅಧ್ಯಾಪಕನ ಮೊದಲ ಕರ್ತವ್ಯ.