ನಿಂತ ನೀರು, ಅಗೆದ ನೆಲ: ಗಾಲ್ಫ್‌ನಲ್ಲಿ ಫ್ರೀ ರಿಲೀಫ್ ಪಡೆಯುವ ಸರಿಯಾದ ಕ್ರಮ

ಮಳೆಗಾಲ ಶುರುವಾಯಿತೆಂದರೆ ಗಾಲ್ಫ್ ಕೋರ್ಸ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಇಲ್ಲಿ ಫ್ರೀ ಡ್ರಾಪ್ ಸಿಗುತ್ತಾ?’ ಫೇರ್‌ವೇ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಬಂಕರ್ ಅರ್ಧ ಕೆರೆಯಾಗಿರುತ್ತದೆ. ಪೈಪ್ ಹಾಕಲು ಅಗೆದ ಜಾಗಕ್ಕೆ ಸುತ್ತಲೂ ಬಿಳಿ ಗೆರೆ ಎಳೆದಿರುತ್ತಾರೆ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆಟ ಅಷ್ಟು ಹಳೆಯದಾದರೂ ವಾರಾಂತ್ಯದಲ್ಲಿ ಆಡುವವರು ಈ ಪ್ರಶ್ನೆಗೆ ಉತ್ತರಕ್ಕಾಗಿ ಜೊತೆಗಾರರ ಮುಖ ನೋಡುತ್ತಾರೆ, ಇಲ್ಲವೇ ಕ್ಯಾಡಿ ಹೇಳಿದ್ದನ್ನು ಒಪ್ಪಿಕೊಳ್ಳುತ್ತಾರೆ. ಉತ್ತರ ಇರುವುದು ನಿಯಮ ಪುಸ್ತಕದ 16ನೇ ನಿಯಮದಲ್ಲಿ.

ಸ್ಕಾಟ್ಲೆಂಡಿನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಸೇರಿ ರೂಪಿಸುವ ಗಾಲ್ಫ್ ನಿಯಮಗಳು 2019ರಲ್ಲಿ ದೊಡ್ಡ ಮಟ್ಟದಲ್ಲಿ ಬದಲಾದವು. 2023ರಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಯಿತು. ಹಳೆಯ ನಿಯಮದಲ್ಲಿ ಆಟ ಕಲಿತವರು ಇಂದಿಗೂ ಹಳೆಯ ಅಭ್ಯಾಸದಲ್ಲೇ ಡ್ರಾಪ್ ಮಾಡಿ ಪೆನಾಲ್ಟಿ ತೆರುವುದುಂಟು. ಅದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು, ರಿಲೀಫ್ ಸಿಗುತ್ತದೆ ಎಂದು ಗೊತ್ತಾದ ಕೂಡಲೇ ಚೆಂಡಿಗೆ ಕೈ ಹಾಕುವುದು. ಎಲ್ಲಿ ಡ್ರಾಪ್ ಮಾಡಬೇಕಾಗುತ್ತದೆ ಎಂದು ನೋಡಿಕೊಂಡ ಮೇಲೆಯೇ ಚೆಂಡನ್ನು ಎತ್ತಬೇಕು. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಯಾವುದಕ್ಕೆ ಸಿಗುತ್ತದೆ?

ನಾಲ್ಕು ಬಗೆಯ ಅಡಚಣೆಗಳು ಈ ಲೆಕ್ಕಕ್ಕೆ ಬರುತ್ತವೆ: ತಾತ್ಕಾಲಿಕವಾಗಿ ನಿಂತ ನೀರು, ದುರಸ್ತಿಯಲ್ಲಿರುವ ನೆಲ, ಪ್ರಾಣಿಗಳು ತೋಡಿದ ಬಿಲ ಮತ್ತು ಕದಲಿಸಲಾಗದ ಕೃತಕ ವಸ್ತುಗಳು.

ತಾತ್ಕಾಲಿಕ ನೀರು ಮಳೆಯದಾದರೂ ಸರಿ, ಸ್ಪ್ರಿಂಕ್ಲರ್‌ನದಾದರೂ ಸರಿ, ಕೊಳ ತುಂಬಿ ಪೆನಾಲ್ಟಿ ಏರಿಯಾದ ಗೆರೆ ದಾಟಿ ಹರಿದದ್ದಾದರೂ ಸರಿ. ಅದು ಕಣ್ಣಿಗೆ ಕಾಣಬೇಕು, ಅಷ್ಟೇ. ನೆಲ ಒದ್ದೆಯಾಗಿದೆ, ಕೆಸರಾಗಿದೆ ಎಂದರೆ ಸಾಲದು. ಅನುಮಾನವಿದ್ದರೆ ಹೊಡೆಯಲು ಎಂದಿನಂತೆ ನಿಂತು ನೋಡಿ. ಶೂ ಸುತ್ತ ನೀರು ಎದ್ದು ಹಾಗೇ ಉಳಿದರೆ ರಿಲೀಫ್ ಉಂಟು. ಕಾಲಿಟ್ಟಾಗ ಕ್ಷಣಹೊತ್ತು ಕಾಣಿಸಿ ಇಂಗಿಹೋದರೆ ಇಲ್ಲ. ಹಿಮ್ಮಡಿಯನ್ನು ಬೇಕೆಂದೇ ಒತ್ತಿ ನೀರು ಬರಿಸುವಂತಿಲ್ಲ. ಇಬ್ಬನಿ ಈ ಲೆಕ್ಕಕ್ಕೆ ಬರುವುದಿಲ್ಲ.

ದುರಸ್ತಿ ನೆಲವನ್ನು ಸಾಮಾನ್ಯವಾಗಿ ಸಮಿತಿಯವರು ಗೆರೆ ಎಳೆದೋ ಗೂಟ ನೆಟ್ಟೋ ಗುರುತಿಸಿರುತ್ತಾರೆ. ಗೆರೆಯೂ ದುರಸ್ತಿ ನೆಲದ ಭಾಗವೇ, ಹಾಗಾಗಿ ಚೆಂಡು ಗೆರೆಗೆ ತಗುಲಿದ್ದರೂ ಸಾಕು. ಗುರುತು ಇಲ್ಲದೆಯೂ ದುರಸ್ತಿ ನೆಲ ಎನಿಸಿಕೊಳ್ಳುವ ಜಾಗಗಳಿವೆ. ಕೋರ್ಸ್ ಸಿಬ್ಬಂದಿ ಮರದ ಬುಡ ಕಿತ್ತ ಗುಂಡಿ, ಆಮೇಲೆ ಒಯ್ಯಲೆಂದು ಗುಡ್ಡೆ ಹಾಕಿದ ಹುಲ್ಲು ಮತ್ತು ಎಲೆ ಇಂಥವು. ಹುಲ್ಲಿನ ಬೇರಿಗೆ ಗಾಳಿ ಆಡಲೆಂದು ಯಂತ್ರದಿಂದ ಚುಚ್ಚಿದ ಸಣ್ಣ ತೂತುಗಳು ಮಾತ್ರ ಇದರಲ್ಲಿ ಸೇರುವುದಿಲ್ಲ.

ನನಗೆ ಬಹಳ ಮೆಚ್ಚುಗೆಯಾದ ಅಂಶವೊಂದು ಇಲ್ಲೇ ಇದೆ. ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ. ನಿಮ್ಮ ಚೆಂಡು ಆ ಮೊಟ್ಟೆಗಳ ಪಕ್ಕಕ್ಕೇ ಬಂದು ನಿಂತಿದ್ದು, ನೀವು ನಿಲ್ಲುವುದರಿಂದಲೋ ಹೊಡೆಯುವುದರಿಂದಲೋ ಗೂಡಿಗೆ ಹಾನಿಯಾಗಬಹುದು ಎಂದಾದರೆ, ಆ ಜಾಗವನ್ನು ನಿಯಮವೇ ದುರಸ್ತಿ ನೆಲ ಎಂದು ಪರಿಗಣಿಸುತ್ತದೆ. ಗೂಡೂ ಉಳಿಯುತ್ತದೆ, ನಿಮಗೆ ಪೆನಾಲ್ಟಿಯೂ ಇಲ್ಲ.

ಬಿಲದ ವಿಷಯದಲ್ಲಿ 2019ರ ಬದಲಾವಣೆ ಆಟಗಾರರ ಪರವಾಗಿದೆ. ಮೊದಲು ಬಿಲದಲ್ಲಿ ವಾಸಿಸುವ ಪ್ರಾಣಿಗಳು ತೋಡಿದ್ದಕ್ಕಷ್ಟೇ ರಿಲೀಫ್ ಇತ್ತು. ಈಗ ಹೆಗ್ಗಣದ ಬಿಲಕ್ಕೂ ನಾಯಿ ಕೆರೆದ ಗುಂಡಿಗೂ ಒಂದೇ ನಿಯಮ. ಬಿಲದಿಂದ ಹೊರಬಿದ್ದ ಮಣ್ಣು, ಒಳಗೆ ಅಗೆದಿದ್ದರಿಂದ ಉಬ್ಬಿದ ನೆಲ ಕೂಡ ಸೇರುತ್ತದೆ. ಇರುವೆ ಗೂಡಿನ ಮಣ್ಣು, ಎರೆಹುಳುವಿನ ಮಣ್ಣುಗುಪ್ಪೆಗಳಿಗೆ ಫ್ರೀ ಡ್ರಾಪ್ ಇಲ್ಲ. ಅವನ್ನು ಕೈಯಿಂದ ಸರಿಸಬಹುದು. ಆದರೆ ಸರಿಸುವಾಗ ಚೆಂಡು ಅಲುಗಿದರೆ, ಗ್ರೀನ್ ಬಿಟ್ಟು ಉಳಿದ ಕಡೆ ಒಂದು ಸ್ಟ್ರೋಕ್ ಪೆನಾಲ್ಟಿ.

ಕದಲಿಸಲಾಗದ ವಸ್ತುಗಳೆಂದರೆ ಕಾಂಕ್ರೀಟ್ ಕಾರ್ಟ್ ಪಾತ್, ಸ್ಪ್ರಿಂಕ್ಲರ್ ಹೆಡ್, ಚರಂಡಿ ಮುಚ್ಚಳ, ಶೆಡ್ ಮುಂತಾದವು. ಜನ ನಡೆದು ಸವೆದ ಮಣ್ಣಿನ ಕಾಲುದಾರಿ ಕೃತಕವಲ್ಲ. ಕೋರ್ಸಿನ ಗಡಿ ಬೇಲಿ, ಕಾಂಪೌಂಡ್ ಗೋಡೆಗಳಿಗೂ ಫ್ರೀ ರಿಲೀಫ್ ಇಲ್ಲ. ಇದು ಅನೇಕರಿಗೆ ಗೊತ್ತಿಲ್ಲ.

ಸಿಗದ ಸಂದರ್ಭಗಳು

ಚೆಂಡು ಪೆನಾಲ್ಟಿ ಏರಿಯಾದ ಒಳಗಿದ್ದರೆ ಈ ರಿಲೀಫ್ ಯಾವುದೂ ಅನ್ವಯಿಸುವುದಿಲ್ಲ. ಹೊರಗಿದ್ದರೆ, ಅಡಚಣೆ ಚೆಂಡಿಗೋ ನೀವು ನಿಲ್ಲುವ ಜಾಗಕ್ಕೋ ಸ್ವಿಂಗ್‌ಗೋ ನಿಜವಾಗಿ ತಗುಲಬೇಕು. ಪಕ್ಕದಲ್ಲೇ ಇದೆ, ಕಣ್ಣಿಗೆ ಕಿರಿಕಿರಿಯಾಗುತ್ತಿದೆ ಎಂಬುದು ಕಾರಣವಲ್ಲ. ಫೇರ್‌ವೇಯಲ್ಲಿ ಚೆಂಡಿಗೂ ಹೋಲ್‌ಗೂ ನಡುವೆ ನೀರು ನಿಂತಿದ್ದರೆ ಅದರ ಮೇಲಿಂದ ಹೊಡೆಯಬೇಕು.

ವಾದಕ್ಕೆ ಎಡೆಯಾಗುವ ಇನ್ನೊಂದು ಸಂದರ್ಭವೂ ಇದೆ. ಚೆಂಡು ಪೊದೆಯ ನಡುವೆ ಸಿಕ್ಕಿ ಹೇಗೂ ಹೊಡೆಯಲಾಗದ ಸ್ಥಿತಿಯಲ್ಲಿದೆ, ನಿಮ್ಮ ಕಾಲು ಮಾತ್ರ ಕಾರ್ಟ್ ಪಾತ್ ಮೇಲಿದೆ. ಆಗ ಪಾತ್ ನೆಪದಲ್ಲಿ ಚೆಂಡನ್ನು ಪೊದೆಯಿಂದ ಈಚೆ ತರಲು ನಿಯಮ ಬಿಡುವುದಿಲ್ಲ. ವಿಚಿತ್ರವಾಗಿ ನಿಂತು, ಬೇಡದ ದಿಕ್ಕಿಗೆ ಹೊಡೆಯುತ್ತೇನೆಂದು ಹೇಳಿ ಅಡಚಣೆಯನ್ನು ಬರಿಸಿಕೊಳ್ಳುವಂತೆಯೂ ಇಲ್ಲ.

ಹತ್ತಿರದ ಬಿಂದು: ಇಲ್ಲಿ ಆತುರ ಬೇಡ

ರಿಲೀಫ್ ಸಿಗುತ್ತದೆ ಎಂದಾದ ಮೇಲೆ, ಅಡಚಣೆಯಿಂದ ಪೂರ್ತಿ ಬಿಡುಗಡೆ ಸಿಗುವ ಅತಿ ಹತ್ತಿರದ ಬಿಂದುವನ್ನು ಹುಡುಕಬೇಕು. ಆ ಬಿಂದು ಚೆಂಡು ಈಗಿರುವುದಕ್ಕಿಂತ ಹೋಲ್‌ಗೆ ಹತ್ತಿರವಾಗಬಾರದು. ಅಲ್ಲಿ ಚೆಂಡು, ಕಾಲು, ಸ್ವಿಂಗ್ ಮೂರೂ ಅಡಚಣೆಯಿಂದ ಮುಕ್ತವಾಗಿರಬೇಕು. ಒಳ್ಳೆಯ ಹುಲ್ಲಿರುವ ಜಾಗ, ಹೋಲ್ ಸರಿಯಾಗಿ ಕಾಣುವ ಜಾಗ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ದೂರವೊಂದೇ ಲೆಕ್ಕ.

ಉದಾಹರಣೆಗೆ, ಎಂಟು ಅಡಿ ಅಗಲದ ಕಾಂಕ್ರೀಟ್ ಪಾತ್ ನೇರವಾಗಿ ಹೋಲ್ ಕಡೆಗೆ ಸಾಗಿದೆ, ಚೆಂಡು ಅದರ ನಟ್ಟನಡುವೆ ಇದೆ ಎನ್ನಿ. ನೀವು ಬಲಗೈ ಆಟಗಾರರು. ಹೋಲ್ ಕಡೆ ಮುಖ ಮಾಡಿ ನೋಡಿದರೆ ನೀವು ನಿಲ್ಲುವುದು ಚೆಂಡಿನ ಎಡಕ್ಕೆ. ಚೆಂಡನ್ನು ಪಾತ್‌ನ ಎಡ ಅಂಚಿನಿಂದ ತುಸುವೇ ಆಚೆ ತಂದರೆ ನಿಮ್ಮ ಕಾಲು ಇನ್ನೂ ಆಚೆಗೆ, ಹುಲ್ಲಿನ ಮೇಲೆ ಬೀಳುತ್ತದೆ. ಅಂದರೆ ಚೆಂಡು ಸರಿಯುವುದು ನಾಲ್ಕಡಿಗಿಂತ ಸ್ವಲ್ಪ ಹೆಚ್ಚು. ಬಲಕ್ಕೆ ಹೋದರೆ ಹಾಗಾಗುವುದಿಲ್ಲ. ಚೆಂಡು ಪಾತ್ ದಾಟಿದರೂ ನಿಮ್ಮ ಕಾಲು ಕಾಂಕ್ರೀಟಿನ ಮೇಲೇ ಉಳಿಯುತ್ತದೆ. ಕಾಲು ಹುಲ್ಲಿಗೆ ಬರಬೇಕಾದರೆ ಚೆಂಡು ಇನ್ನೂ ಎರಡು ಮೂರು ಅಡಿ ಬಲಕ್ಕೆ ಹೋಗಬೇಕು. ಹಾಗಾಗಿ ಹತ್ತಿರದ ಬಿಂದು ಎಡಕ್ಕೇ ಇದೆ. ಎಡಗೈ ಆಟಗಾರರಿಗೆ ಇದು ತಿರುಗುಮುರುಗು.

ಈಗ ಎಡಕ್ಕೆ ಒತ್ತಾದ ಮರಗಳಿವೆ, ಬಲಕ್ಕೆ ನುಣುಪಾದ ಫೇರ್‌ವೇ ಇದೆ ಎನ್ನಿ. ಫ್ರೀ ರಿಲೀಫ್ ಬೇಕೆಂದರೆ ಮರಗಳ ನಡುವೆಯೇ ಡ್ರಾಪ್ ಮಾಡಬೇಕು. ಅಂಥ ಕಡೆ ಕಾಂಕ್ರೀಟಿನ ಮೇಲಿಂದಲೇ ಹೊಡೆಯುವುದು ಲೇಸು ಅನಿಸಬಹುದು. ಹಾಗೆ ಹೊಡೆಯಲು ನಿಮಗೆ ಅವಕಾಶವೂ ಇದೆ. ಆದರೆ ಈಗಾಗಲೇ ಚೆಂಡನ್ನು ಎತ್ತಿಬಿಟ್ಟಿದ್ದರೆ? ರಿಲೀಫ್ ಬೇಡವೆಂದು ಅಲ್ಲೇ ಮರಳಿ ಇಟ್ಟು ಆಡಿದರೆ ಒಂದು ಸ್ಟ್ರೋಕ್ ಪೆನಾಲ್ಟಿ. ಚೆಂಡಿಗೆ ಕೈ ಹಾಕುವ ಮೊದಲು ಜಾಗ ನೋಡಿ ಎನ್ನುವುದು ಇದಕ್ಕೇ.

ಬಿಂದು ಹುಡುಕುವಾಗ, ಆ ಅಡಚಣೆ ಇಲ್ಲದಿದ್ದರೆ ಯಾವ ಕ್ಲಬ್‌ನಿಂದ ಹೊಡೆಯುತ್ತಿದ್ದಿರೋ ಅದನ್ನೇ ಹಿಡಿದು ನಿಂತು ನೋಡಿ. ಉದ್ದದ ಕ್ಲಬ್ ಹಿಡಿದರೆ ಚೆಂಡಿನಿಂದ ದೂರ ನಿಲ್ಲುತ್ತೀರಿ, ಬಿಂದುವೇ ಬದಲಾಗುತ್ತದೆ. ಸಿಕ್ಕ ಬಿಂದುವಿನಲ್ಲಿ ಒಂದು ಟೀ ಚುಚ್ಚಿಡಿ.

ಡ್ರಾಪ್

ಅಲ್ಲಿಂದ ಒಂದು ಕ್ಲಬ್ ಉದ್ದ ಅಳೆಯಬೇಕು. ಅಳತೆಗೆ ಬ್ಯಾಗಿನಲ್ಲಿರುವ ಅತಿ ಉದ್ದದ ಕ್ಲಬ್, ಪಟರ್ ಬಿಟ್ಟು. ಹೆಚ್ಚಿನವರಿಗೆ ಅದು ಡ್ರೈವರ್, 45 ಇಂಚಿನ ಆಸುಪಾಸು. ಆ ಉದ್ದದ ಕೊನೆಯಲ್ಲಿ ಇನ್ನೊಂದು ಟೀ ಚುಚ್ಚಿ. ಈ ಅಳತೆಯೊಳಗೆ ಹೋಲ್‌ಗೆ ಹತ್ತಿರವಾಗದ, ಅಡಚಣೆ ತಗುಲದ ಜಾಗವಷ್ಟೂ ನಿಮ್ಮ ರಿಲೀಫ್ ಏರಿಯಾ.

ಚೆಂಡನ್ನು ಮೊಣಕಾಲಿನ ಎತ್ತರದಿಂದ ನೇರವಾಗಿ ಬಿಡಬೇಕು. ಎಸೆಯಬಾರದು, ತಿರುಗಿಸಬಾರದು. ನೆಲ ಮುಟ್ಟುವ ಮೊದಲು ಅದು ನಿಮ್ಮ ಮೈಗಾಗಲಿ ಸಾಮಗ್ರಿಗಾಗಲಿ ತಾಗಬಾರದು. ಡ್ರಾಪ್ ಮಾಡಬೇಕಾದವರು ಆಟಗಾರರೇ, ಕ್ಯಾಡಿ ಅಲ್ಲ. ಬೇರೆ ಚೆಂಡನ್ನು ಬಳಸಲೂ ಅಡ್ಡಿಯಿಲ್ಲ. 2019ರ ಮೊದಲು ಭುಜದ ಎತ್ತರದಿಂದ ಬಿಡಬೇಕಿತ್ತು. ಹೊಸ ನಿಯಮ ಬಂದ ಎರಡೇ ತಿಂಗಳಲ್ಲಿ, ಫೆಬ್ರುವರಿ 2019ರ ಮೆಕ್ಸಿಕೊ ಟೂರ್ನಿಯಲ್ಲಿ ರಿಕಿ ಫೌಲರ್ ಹಳೆಯ ಅಭ್ಯಾಸದಂತೆ ಭುಜದ ಎತ್ತರದಿಂದ ಬಿಟ್ಟು, ಆ ಚೆಂಡನ್ನು ಹೊಡೆದು ಒಂದು ಸ್ಟ್ರೋಕ್ ಪೆನಾಲ್ಟಿ ಪಡೆದರು. ಹೊಡೆಯುವ ಮೊದಲೇ ನೆನಪಾಗಿದ್ದರೆ ಮತ್ತೆ ಸರಿಯಾಗಿ ಬಿಟ್ಟರೆ ಸಾಕಿತ್ತು. ತಪ್ಪು ರೀತಿಯ ಡ್ರಾಪ್ ಲೆಕ್ಕಕ್ಕೇ ಬರುವುದಿಲ್ಲ.

ಚೆಂಡು ರಿಲೀಫ್ ಏರಿಯಾದೊಳಗೆ ಬಿದ್ದು ಅದರೊಳಗೇ ನಿಲ್ಲಬೇಕು. ಹೊರಕ್ಕೆ ಉರುಳಿದರೆ ಮತ್ತೊಮ್ಮೆ ಬಿಡಿ. ಎರಡನೇ ಸಲವೂ ಉರುಳಿದರೆ, ಆ ಸಲ ಚೆಂಡು ಮೊದಲು ನೆಲ ಮುಟ್ಟಿದ ಜಾಗದಲ್ಲಿ ಕೈಯಿಂದ ಇಡಿ. ಹೊಡೆಯುವ ಮೊದಲು ಹಿಮ್ಮಡಿಯನ್ನೊಮ್ಮೆ ನೋಡಿಕೊಳ್ಳಿ. ಹಿಮ್ಮಡಿ ಇನ್ನೂ ಪಾತ್ ಮೇಲಿದ್ದರೆ ಅದು ಪೂರ್ತಿ ರಿಲೀಫ್ ಅಲ್ಲ. ಹಾಗೇ ಹೊಡೆದರೆ ತಪ್ಪು ಜಾಗದಿಂದ ಆಡಿದಂತಾಗಿ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್ ಪೆನಾಲ್ಟಿ, ಮ್ಯಾಚ್ ಪ್ಲೇಯಲ್ಲಿ ಆ ಹೋಲೇ ಹೋಗುತ್ತದೆ.

ಬಂಕರ್ ಮತ್ತು ಗ್ರೀನ್

ಬಂಕರಿನಲ್ಲಿ ಕ್ರಮ ಇದೇ. ಆದರೆ ಉಚಿತವಾಗಿ ಬೇಕಾದರೆ ಬಂಕರಿನೊಳಗೇ ಡ್ರಾಪ್ ಮಾಡಬೇಕು. ಇಡೀ ಬಂಕರ್ ನೀರು ತುಂಬಿದ್ದರೆ, ನೀರು ಅತಿ ಕಡಿಮೆ ಅಡ್ಡಿಯಾಗುವ ಜಾಗ ಹುಡುಕಿ ಅಲ್ಲಿ ಬಿಡಬಹುದು. ಹೊರಗೇ ಬೇಕೆಂದರೆ ಒಂದು ಸ್ಟ್ರೋಕ್ ಪೆನಾಲ್ಟಿ ತೆತ್ತು, ಹೋಲ್ ಮತ್ತು ಚೆಂಡಿನ ನೇರ ಗೆರೆಯಲ್ಲಿ ಹಿಂದಕ್ಕೆ ಹೋಗಬೇಕು. ಬಂಕರ್ ತುಂಬಿದ್ದು ಆಟಗಾರರ ತಪ್ಪಲ್ಲವಾದ್ದರಿಂದ ಈ ಪೆನಾಲ್ಟಿ ಕಠಿಣವೆಂದೇ ನನಗೆ ಅನಿಸುತ್ತದೆ. ಮಳೆಗಾಲದಲ್ಲಿ ಕೆಲವು ಸಮಿತಿಗಳು ನೀರು ತುಂಬಿದ ಬಂಕರನ್ನೇ ದುರಸ್ತಿ ನೆಲವೆಂದು ಘೋಷಿಸಿ ಹೊರಗೆ ಉಚಿತ ಡ್ರಾಪ್ ಕೊಡುತ್ತವೆ. ಆಟಕ್ಕೆ ಇಳಿಯುವ ಮೊದಲು ಸ್ಥಳೀಯ ನಿಯಮಗಳನ್ನು ಓದಿಕೊಳ್ಳಿ.

ಚೆಂಡು ಗ್ರೀನ್ ಮೇಲಿದ್ದರೆ ಚೆಂಡಿಗೂ ಹೋಲ್‌ಗೂ ನಡುವೆ ನಿಂತ ನೀರಿಗೂ ರಿಲೀಫ್ ಉಂಟು. ಇಲ್ಲಿ ಡ್ರಾಪ್ ಇಲ್ಲ, ಹತ್ತಿರದ ಬಿಂದುವಿನಲ್ಲೇ ಚೆಂಡನ್ನು ಇಡಬೇಕು.

ಕೆಸರಲ್ಲಿ ಹೂತರೆ

ಮೇಲಿಂದ ಬಿದ್ದ ಚೆಂಡು ತಾನೇ ಮಾಡಿದ ಗುಳಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಹೂತಿದ್ದರೆ ಫ್ರೀ ರಿಲೀಫ್ ಸಿಗುತ್ತದೆ. ರಫ್‌ನಲ್ಲಿ ಹೂತರೂ ಸಿಗುತ್ತದೆ, ಬಂಕರ್ ಮತ್ತು ಪೆನಾಲ್ಟಿ ಏರಿಯಾದಲ್ಲಿ ಇಲ್ಲ. ಚೆಂಡಿನ ಬೆನ್ನಹಿಂದಿನ ಜಾಗದಿಂದ ಒಂದು ಕ್ಲಬ್ ಉದ್ದ ಅಳೆದು ಡ್ರಾಪ್ ಮಾಡಬೇಕು. ಹೂತಿದೆಯೋ ಇಲ್ಲವೋ ತಿಳಿಯದಿದ್ದರೆ ಗುರುತಿಟ್ಟು ಎತ್ತಿ ನೋಡಬಹುದು, ಒರೆಸಬಾರದು.

2021ರ ಫಾರ್ಮರ್ಸ್ ಇನ್ಶೂರೆನ್ಸ್ ಓಪನ್‌ನ ಮೂರನೇ ಸುತ್ತಿನಲ್ಲಿ ಪ್ಯಾಟ್ರಿಕ್ ರೀಡ್ 10ನೇ ಹೋಲ್‌ನಲ್ಲಿ ಹೀಗೆ ಗುರುತಿಟ್ಟು ಚೆಂಡು ಎತ್ತಿದರು. ಅಧಿಕಾರಿ ಬರುವಷ್ಟರಲ್ಲಿ ಚೆಂಡು ಜಾಗದಲ್ಲಿರಲಿಲ್ಲ. ಅವರು ನೆಲ ಮುಟ್ಟಿ ನೋಡಿ ರಿಲೀಫ್ ಕೊಟ್ಟರು. ಟಿವಿಯಲ್ಲಿ ನೋಡಿದರೆ ಚೆಂಡು ಒಮ್ಮೆ ಪುಟಿದಿತ್ತು, ಪುಟಿದ ಚೆಂಡು ಹೂಳುವುದು ಅಪರೂಪ. ಟೂರ್‌ನವರು ನಿಯಮಭಂಗವಾಗಿಲ್ಲ ಎಂದರು, ರೀಡ್ ಟೂರ್ನಿಯನ್ನೂ ಗೆದ್ದರು. ಆದರೂ ಆ ಘಟನೆ ಬಹಳ ದಿನ ಚರ್ಚೆಯಾಯಿತು. ಎತ್ತುವ ಮೊದಲು ಜೊತೆಗಾರರನ್ನು ಕರೆದು ತೋರಿಸಬೇಕೆಂದು ಈಗಿನ ನಿಯಮ ಹೇಳುವುದಿಲ್ಲ. ನಿಮ್ಮ ಹೆಸರಿನ ಮೇಲೆ ಅನುಮಾನ ಬೀಳಬಾರದೆಂದರೆ ಕರೆದು ತೋರಿಸಿ.

ಹಾವು, ಹೆಜ್ಜೇನು

ಚೆಂಡಿನ ಹತ್ತಿರ ಹಾವಿದ್ದರೆ, ಹೆಜ್ಜೇನು ಎದ್ದಿದ್ದರೆ ಅಪಾಯವಿಲ್ಲದ ಜಾಗಕ್ಕೆ ಹೋಗಿ ಉಚಿತವಾಗಿ ಡ್ರಾಪ್ ಮಾಡಬಹುದು. ಪೆನಾಲ್ಟಿ ಏರಿಯಾದಲ್ಲೂ ಇದು ಸಿಗುತ್ತದೆ, ಅದರೊಳಗೇ ಸುರಕ್ಷಿತ ಜಾಗ ಹುಡುಕಬೇಕು ಅಷ್ಟೇ. ಅಪಾಯ ಮಾತ್ರ ನಿಜವಾಗಿರಬೇಕು. 2020ರಲ್ಲಿ ಮೆಂಫಿಸ್‌ನಲ್ಲಿ ಬ್ರೈಸನ್ ಡಿಶಾಂಬೊ ಕಚ್ಚುವ ಕೆಂಪಿರುವೆಗಳಿವೆ ಎಂದು ರಿಲೀಫ್ ಕೇಳಿದಾಗ ಅಧಿಕಾರಿ ಒಪ್ಪಲಿಲ್ಲ.

ತೀರ್ಮಾನವಾಗದಿದ್ದರೆ

ಸ್ಟ್ರೋಕ್ ಪ್ಲೇಯಲ್ಲಿ ರಿಲೀಫ್ ಸಿಗುತ್ತದೋ ಇಲ್ಲವೋ ಎಂದು ಬಗೆಹರಿಯದಿದ್ದರೆ ವಾದಕ್ಕೆ ನಿಲ್ಲಬೇಡಿ. ಒಂದು ಚೆಂಡನ್ನು ಇದ್ದ ಜಾಗದಿಂದ, ಇನ್ನೊಂದನ್ನು ಡ್ರಾಪ್ ಮಾಡಿದ ಜಾಗದಿಂದ ಆಡಿ ಹೋಲ್ ಮುಗಿಸಬಹುದು. ನಿಯಮ ಒಪ್ಪಿದರೆ ಯಾವ ಚೆಂಡಿನ ಸ್ಕೋರ್ ಬೇಕೆಂದು ಹೊಡೆಯುವ ಮೊದಲೇ ಜೊತೆಗಾರರಿಗೆ ಹೇಳಿ. ಮ್ಯಾಚ್ ಪ್ಲೇಯಲ್ಲಿ ಈ ಅವಕಾಶವಿಲ್ಲ. ಸ್ಕೋರ್ ಕಾರ್ಡ್ ಒಪ್ಪಿಸುವ ಮೊದಲು ನಡೆದದ್ದನ್ನು ಸಮಿತಿಗೆ ತಿಳಿಸಲೇಬೇಕು. ಎರಡೂ ಚೆಂಡಿನಲ್ಲಿ ಒಂದೇ ಸ್ಕೋರ್ ಬಂದಿದ್ದರೂ ತಿಳಿಸದಿದ್ದರೆ ಅನರ್ಹರಾಗುತ್ತೀರಿ.