ಪೈಥಾನ್: ಉದ್ದ ಪಟ್ಟಿಯನ್ನು ಒಳಪಟ್ಟಿಗಳಾಗಿ ಜೋಡಿಸುವುದು ಹೀಗೆ

ಕರ್ನಾಟಕದಲ್ಲಿ 4 ಕಂದಾಯ ವಿಭಾಗ, 31 ಜಿಲ್ಲೆ, ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಿವೆ. ಎಕ್ಸೆಲ್‌ನಲ್ಲಿ ಇವನ್ನು ತುಂಬುವವರು ಸಾಮಾನ್ಯವಾಗಿ ತಾಲ್ಲೂಕಿಗೊಂದು ಸಾಲು ಕೊಟ್ಟು, ಅದರಲ್ಲಿ ವಿಭಾಗ, ಜಿಲ್ಲೆ, ತಾಲ್ಲೂಕು ಎಂದು ಬರೆಯುತ್ತಾರೆ: ಮೈಸೂರು, ಮಂಡ್ಯ, ಮದ್ದೂರು; ಮೈಸೂರು, ಹಾಸನ, ಬೇಲೂರು; ಕಲಬುರಗಿ, ಬಳ್ಳಾರಿ, ಸಂಡೂರು. ಓದುವುದಕ್ಕೆ ಇಷ್ಟು ಸಾಕು. ಆದರೆ ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ ಆರಿಸಿದ ಕೂಡಲೇ ಅದರ ತಾಲ್ಲೂಕುಗಳು ಮಾತ್ರ ಕಾಣಬೇಕಾದರೆ ವಿಭಾಗದೊಳಗೆ ಜಿಲ್ಲೆ, ಜಿಲ್ಲೆಯೊಳಗೆ ತಾಲ್ಲೂಕು ಎಂದು ಜೋಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಹೆಸರುಗಳನ್ನು ಶುಚಿಗೊಳಿಸಬೇಕು. ‘ಮಂಡ್ಯ’ದ ಕೊನೆಗೆ ಕಣ್ಣಿಗೆ ಬೀಳದ ಒಂದು ಸ್ಪೇಸ್ ಉಳಿದಿದ್ದರೂ ಪೈಥಾನ್ ಅದನ್ನು ಬೇರೆಯೇ ಜಿಲ್ಲೆ ಎಂದು ಎಣಿಸುತ್ತದೆ. ಪ್ರತಿ ಹೆಸರಿಗೂ ‘ಸ್ಟ್ರಿಪ್’ ಹಾಕಿ. ಬಳಿಕ ಪಟ್ಟಿಗೆ ‘ಸಾಲುಗಳು’ ಎಂದು ಹೆಸರಿಟ್ಟು ಹೀಗೆ ಬರೆಯಿರಿ:

ಮರ = {}
ಫಾರ್ ವಿಭಾಗ, ಜಿಲ್ಲೆ, ತಾಲ್ಲೂಕು ಇನ್ ಸಾಲುಗಳು:
    ಮರ.ಸೆಟ್‌ಡಿಫಾಲ್ಟ್(ವಿಭಾಗ, {}).ಸೆಟ್‌ಡಿಫಾಲ್ಟ್(ಜಿಲ್ಲೆ, []).ಅಪೆಂಡ್(ತಾಲ್ಲೂಕು)

ಫಾರ್, ಇನ್, ಸೆಟ್‌ಡಿಫಾಲ್ಟ್, ಅಪೆಂಡ್ ಇವಿಷ್ಟನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ‘ಮರ’, ‘ಜಿಲ್ಲೆ’ಯಂಥ ಹೆಸರುಗಳು ಕನ್ನಡದಲ್ಲೇ ಇರಬಹುದು, 2008ರಲ್ಲಿ ಬಂದ ಪೈಥಾನ್ 3 ಇದಕ್ಕೆ ಅವಕಾಶ ಕೊಟ್ಟಿದೆ.

ಜೀವಾಳ ಇರುವುದು ಕೊನೆಯ ಸಾಲಿನಲ್ಲಿ. ಮದ್ದೂರು ಬಂದಾಗ ‘ಮರ’ದಲ್ಲಿ ಮೈಸೂರು ವಿಭಾಗವಿದೆಯೇ ಎಂದು ಸೆಟ್‌ಡಿಫಾಲ್ಟ್ ನೋಡುತ್ತದೆ. ಇಲ್ಲದಿದ್ದರೆ ಖಾಲಿ ಡಿಕ್ಷನರಿಯೊಂದನ್ನು ಅಲ್ಲಿಟ್ಟು, ಅದನ್ನೇ ಕೈಗೆ ಕೊಡುತ್ತದೆ. ಅದರೊಳಗೆ ಮಂಡ್ಯಕ್ಕೂ ಹೀಗೆಯೇ ಒಂದು ಖಾಲಿ ಪಟ್ಟಿ ಹುಟ್ಟುತ್ತದೆ, ಮದ್ದೂರು ಅಲ್ಲಿ ಸೇರುತ್ತದೆ. ಮುಂದೆ ಬೇಲೂರು ಬಂದಾಗ ಮೈಸೂರು ಆಗಲೇ ಇರುತ್ತದೆ. ಹಾಸನ ಮಾತ್ರ ಹೊಸದು.

ಹೊಸಬರು ಎಡವುವ ಜಾಗವೊಂದಿದೆ. ಜಿಲ್ಲೆಗಳಿಗೆಲ್ಲ ಮೊದಲೇ ಖಾಲಿ ಪಟ್ಟಿ ಕೊಟ್ಟುಬಿಡೋಣವೆಂದು ‘ಡಿಕ್ಟ್.ಫ್ರಮ್‌ಕೀಸ್(ಜಿಲ್ಲೆಗಳು, [])’ ಎಂದು ಬರೆಯುತ್ತಾರೆ. ಪೈಥಾನ್ ಆಗ ಮಾಡುವುದು ಒಂದೇ ಒಂದು ಪಟ್ಟಿ. ಎಲ್ಲ ಜಿಲ್ಲೆಗಳೂ ಅದನ್ನೇ ಹಂಚಿಕೊಳ್ಳುತ್ತವೆ. ಬಳ್ಳಾರಿಗೆ ಸಂಡೂರು ಸೇರಿಸಿದರೆ ಹಾಸನದಲ್ಲೂ ಸಂಡೂರು ಕಾಣುತ್ತದೆ! ದೋಷದ ಸಂದೇಶವೂ ಬರುವುದಿಲ್ಲ, ಆದ್ದರಿಂದ ಪತ್ತೆ ಹಚ್ಚುವುದು ಕಷ್ಟ.

‘ಡಿಫಾಲ್ಟ್‌ಡಿಕ್ಟ್’ ಬಳಸಿದರೂ ಕೆಲಸ ನಡೆಯುತ್ತದೆ. ಆದರೆ ಮುಂದೆಂದೋ ‘ಮಂಡ್ಯಾ’ ಎಂದು ತಪ್ಪಾಗಿ ಹುಡುಕಿದರೂ ಅದು ಸದ್ದಿಲ್ಲದೆ ಹೊಸ ಜಿಲ್ಲೆಯೊಂದನ್ನು ಸೃಷ್ಟಿಸುತ್ತದೆ. ಕಲಿಯುವವರಿಗೆ ಸೆಟ್‌ಡಿಫಾಲ್ಟ್ ಮೇಲು.

ಕೊನೆಗೆ ಜೋಡಿಸಿದ್ದನ್ನು ಜೇಸನ್ ಕಡತವಾಗಿ ಉಳಿಸುವಾಗ ‘ಎನ್‌ಶ್ಯೂರ್_ಆಸ್ಕಿ=ಫಾಲ್ಸ್’ ಸೇರಿಸಿ. ಇಲ್ಲವಾದರೆ ಕನ್ನಡ ಅಕ್ಷರಗಳ ಬದಲು ಅವುಗಳ ಯೂನಿಕೋಡ್ ಸಂಕೇತಗಳೇ ಕಡತದಲ್ಲಿ ತುಂಬಿಕೊಳ್ಳುತ್ತವೆ. ಕಡತ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಮೂದಿಸುವುದನ್ನೂ ಮರೆಯಬೇಡಿ.