ಮಾಲೆ ತೆಗೆದ ಸಂಜೆ

ಮಗೂ,

ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿ ಮನೆಗೆ ಬಂದು ಇಪ್ಪತ್ತು ದಿನವಾಯಿತಂತೆ, ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀನು, “ಇನ್ನು ಯಾರ ಹಂಗೂ ಬೇಡ ಮಾವ, ಛಲ ಒಂದಿದ್ರೆ ಸಾಕು” ಅಂದೆ. ಆ ಮಾತಿಗೆ ನಾನು ಖುಷಿಪಡಬೇಕಿತ್ತು. ನನಗೆ ಭಯವಾಯಿತು.

ಛಲ ನನಗೂ ಇತ್ತು. ಐದು ವರ್ಷ ಬಿಡದೆ ಶಬರಿಮಲೆಗೆ ಮಾಲೆ ಹಾಕಿದವನು ನಾನು. 41 ದಿನ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ನಸುಕಿನಲ್ಲಿ ತಣ್ಣೀರು ಸ್ನಾನ, ಸಂಜೆ ಭಜನೆ. ಬಾರಿನ ಮುಂದೆಯೇ ನಡೆದುಹೋದರೂ ಕಾಲು ಆ ಕಡೆ ತಿರುಗುತ್ತಿರಲಿಲ್ಲ. ಊರಿಗೆ ಬಂದು ಮಾಲೆ ತೆಗೆದ ದಿನವೇ, ಸಂಜೆಯೊಳಗೆ ಕ್ವಾರ್ಟರ್ ಕೈಯಲ್ಲಿರುತ್ತಿತ್ತು. “ದೇವರ ಭಯ ಇರೋವರೆಗೆ ಸರಿ ಇರ್ತಾನೆ” ಎಂದು ಓಣಿಯವರು ಆಡಿಕೊಂಡರು. ನಾನೂ ಹಾಗೇ ತಿಳಿದಿದ್ದೆ. ಕುಡಿತ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ನನಗೆ ಬೇರೆಯದೇ ಹೊಳೆಯಿತು. ಆ 41 ದಿನ ನಾನು ಒಂಟಿಯಾಗಿ ಇದ್ದದ್ದೇ ಇಲ್ಲ. ದಿನಾ ಸಂಜೆ ಹತ್ತು ಹನ್ನೆರಡು ಮಂದಿ ಸ್ವಾಮಿಗಳ ನಡುವೆ ಕೂರುತ್ತಿದ್ದೆ. ಒಬ್ಬ ಭಜನೆಗೆ ಬರದಿದ್ದರೆ ಇನ್ನೊಬ್ಬ ಅವನ ಮನೆ ಬಾಗಿಲಿಗೆ ಹೋಗಿ ಕೇಳುತ್ತಿದ್ದ. ಸಾಹುಕಾರನೂ ಹಮಾಲನೂ ಅಲ್ಲಿ ಸ್ವಾಮಿಯೇ. ಮಾಲೆ ತೆಗೆದಾಗ ಆ ಗುಂಪೂ ಚದುರುತ್ತಿತ್ತು. ಸಂಜೆ ಆರಕ್ಕೆ ಎಲ್ಲಿಗೆ ಹೋಗಲಿ ಅಂದರೆ ನನಗೆ ಗೊತ್ತಿದ್ದ ಜಾಗ ಒಂದೇ.

ಹೀಗೆ ಸಿಕ್ಕಿಬಿದ್ದ ಇನ್ನೊಬ್ಬನ ಕಥೆ ಹೇಳುತ್ತೇನೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ನ್ಯೂಯಾರ್ಕಿನ ಷೇರುಪೇಟೆಯವನಾದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಮುರಿದುಬಿದ್ದಿತ್ತು. ಇಳಿದುಕೊಂಡಿದ್ದ ಹೋಟೆಲಿನಲ್ಲೇ ಬಾರು, ಅದರ ಗದ್ದಲ ಕಿವಿಗೆ ಬೀಳುತ್ತಿದೆ. ಇನ್ನೊಬ್ಬ ಕುಡುಕನ ಹತ್ತಿರ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಅನ್ನಿಸಿ ಆತ ಚರ್ಚುಗಳಿಗೆ ಫೋನ್ ಮಾಡತೊಡಗಿದ. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಕಾಲು ಗಂಟೆ ಕೂತು ಎದ್ದುಬಿಡುತ್ತೇನೆ ಎಂದು ಬಂದ ಡಾಕ್ಟರು ರಾತ್ರಿ ಹನ್ನೊಂದರವರೆಗೆ ಕೂತರು. ಬಿಲ್ ಡಾಕ್ಟರಿಗೆ ಬುದ್ಧಿವಾದ ಹೇಳಿರಲಿಲ್ಲ, ತನ್ನ ಪಾಡು ಹೇಳಿಕೊಂಡಿದ್ದ. ಆಮೇಲೂ ಡಾಕ್ಟರು ಒಮ್ಮೆ ಜಾರಿದರು. ಜೂನ್ 10 ಅವರು ಕೊನೆಯ ಸಲ ಕುಡಿದ ದಿನ. ಕುಡಿತ ಬಿಡುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನವೆಂದು ಲೆಕ್ಕ ಹಿಡಿಯುವುದೂ ಅದನ್ನೇ. 1957ರ ಹೊತ್ತಿಗೆ ಅದು ನಮ್ಮ ದೇಶಕ್ಕೂ ಬಂತು. ಈ ಕಥೆಯಲ್ಲಿ ನನ್ನನ್ನು ಇಂದಿಗೂ ಹಿಡಿದಿಡುವುದು ಇಷ್ಟೇ: ಬಿಲ್ ಆ ಸಂಜೆ ಹೋದದ್ದು ತಾನು ಉಳಿದುಕೊಳ್ಳಲು.

ನಾನು ಹೋಗುವುದೂ ಅದರದೇ ಸಭೆಗೆ. ಆ ಸಭೆಯೆಂದರೆ ನಿನಗೆ ಮುಜುಗರ, ಗೊತ್ತು. ಅಲ್ಲಿ ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ. ಮಧ್ಯೆ ಒಂದು ಡಬ್ಬಿ ಸುತ್ತುತ್ತದೆ, ಕೈಲಾದದ್ದು ಹಾಕಿದರಾಯಿತು. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವುದಿಲ್ಲ. ಮೊದಲ ದಿನ ನಾನು ಬಾಗಿಲ ಹತ್ತಿರವೇ ಕೂತಿದ್ದೆ, ಓಡಿಹೋಗಲು ಸುಲಭವಾಗಲೆಂದು. ಎದ್ದು ನಿಂತ ಮೇಸ್ತ್ರಿಯೊಬ್ಬರು, ಮಗಳ ಕಿವಿಯೋಲೆ ಅಡವಿಟ್ಟು ಕುಡಿದದ್ದನ್ನು ಹೇಳಿದರು. ನಾನು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಮಾತು ಬೇರೆಯವರ ಬಾಯಿಂದ ಬಂತು. ಆಮೇಲೆ ನಾನು ಕುಡಿದಿಲ್ಲ, ಬರುವ ಕಾರ್ತಿಕಕ್ಕೆ 26 ವರ್ಷವಾಗುತ್ತದೆ.

ಇದೊಂದೇ ದಾರಿ ಅನ್ನುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಕಸುವು ಅಲ್ಲಿಯೂ ಗುಂಪಿನದೇ. ನೀನು ಓದಿದವನು, ಪುರಾವೆ ಕೇಳುವವನು. 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಅನುಭವವನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 2020ರಲ್ಲಿ ಬಂತು. ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ರೋಗಿಗಳನ್ನು ನಮ್ಮಂಥ ಗುಂಪಿಗೆ ಜೋಡಿಸುವ ಚಿಕಿತ್ಸೆ ಬೇರೆ ಸಮಾಲೋಚನೆಗಳಿಗಿಂತ ಮುಂದಿತ್ತು. ಹಾಗೆಂದು ಗುಂಪು ಡಾಕ್ಟರ ಜಾಗ ತುಂಬದು. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೂ ಹೋಗಬಹುದು. ಆ ಹೊತ್ತಿಗೆ ಆಸ್ಪತ್ರೆಯೇ ಬೇಕು. ಕುಡಿತ ಬಿಡಿಸುತ್ತದೆಂದು ಊಟದಲ್ಲಿ ಗುಟ್ಟಾಗಿ ಕಲಸುವ ಪುಡಿಯನ್ನು ಯಾರಾದರೂ ನಿನ್ನಮ್ಮನಿಗೆ ಮಾರಲು ಬಂದರೆ ಹೊರಗೆ ಕಳಿಸು, ಅದು ವಿಷವಾದೀತು.

ಮುಂದೆ ಮದುವೆ ಮನೆ ಬರುತ್ತದೆ, ಊರ ಜಾತ್ರೆ ಬರುತ್ತದೆ, “ಒಂದು ಬಿಯರ್‌ಗೆ ಏನಾಗ್ತದೋ” ಅನ್ನುವ ಗೆಳೆಯ ಬರುತ್ತಾನೆ. ಅಪ್ಪನ ಜೊತೆ ಜಗಳವಾಡಿ, ಹಸಿದು, ನಿದ್ದೆಗೆಟ್ಟ ದಿನ ಅವನು ಹೆಚ್ಚು ಆಪ್ತನಾಗಿ ಕಾಣುತ್ತಾನೆ. ಆಗ ಫೋನ್ ಮಾಡು, ಕುಡಿಯುವ ಮುಂಚೆ. ರಾತ್ರಿ ಎರಡಾದರೂ ಸರಿ, ನಾನು ಎತ್ತುತ್ತೇನೆ. ಜಾರಿಬಿಟ್ಟೆಯೋ, ಮರುದಿನವೇ ಬಾ. ನಮ್ಮಲ್ಲಿ ಯಾರೂ ಮುಖ ತಿರುಗಿಸುವುದಿಲ್ಲ. ನಾಚಿಕೆಯಿಂದ ಮೂರು ತಿಂಗಳು ಮನೆಯಲ್ಲೇ ಕೂತ ಇಬ್ಬರನ್ನು ನಾವು ಹೆಗಲ ಮೇಲೆ ಹೊತ್ತು ಮಣ್ಣು ಮಾಡಿ ಬಂದಿದ್ದೇವೆ.

ಮಂಗಳವಾರ ಸಂಜೆ ಆರೂವರೆಗೆ ಸಭೆ, ಶಾಲೆಯ ಹಿಂದಿನ ಕೋಣೆಯಲ್ಲಿ. ನೀನು ಆರಕ್ಕೇ ಬಾ. ಚಹಾ ಕಾಯಿಸುವ ಅಣ್ಣ ಈ ತಿಂಗಳು ಊರಲ್ಲಿಲ್ಲ, ಆ ಕೆಲಸ ನಿನ್ನದು. ಹಾಲು ನಾನು ತರುತ್ತೇನೆ, ಸಕ್ಕರೆ ನೀನು ತಾ.